ದೊಡ್ಡ ಸಂಖ್ಯೆಗಳ ಒಳಹೊಕ್ಕು ನೋಡಲು ಪಾರಿ/ಜಿಪಿ

ಇಪ್ಪತ್ತಕ್ಕೂ ಹೆಚ್ಚು ಅಂಕೆಗಳಿರುವ ಪೂರ್ಣಾಂಕವೊಂದು ಅವಿಭಾಜ್ಯವೇ, ಅದಕ್ಕೆ ಎಷ್ಟು ಭಾಜಕಗಳಿವೆ, ಅವುಗಳ ಮೊತ್ತವೆಷ್ಟು ಎಂದು ತಿಳಿಯಬೇಕಾದಾಗ ಸಾಮಾನ್ಯ ಕ್ಯಾಲ್ಕುಲೇಟರುಗಳು ಕೈಕೊಡುತ್ತವೆ. 64 ಬಿಟ್‌ಗಳ ತೇಲುಬಿಂದು (ಫ್ಲೋಟಿಂಗ್ ಪಾಯಿಂಟ್) ಲೆಕ್ಕವನ್ನೇ ನೆಚ್ಚಿಕೊಂಡ ತಂತ್ರಾಂಶಗಳಲ್ಲಿ 9007199254740993 ಎಂದು ಬರೆದರೆ ಕೊನೆಯ ಅಂಕೆ ಸದ್ದಿಲ್ಲದೆ 2 ಆಗಿಬಿಡುತ್ತದೆ; ಭಾಜ್ಯತೆಯ ಪ್ರಶ್ನೆಗೆ ಅಷ್ಟು ವ್ಯತ್ಯಾಸವೇ ಸಾಕು, ಉತ್ತರ ಕೆಡುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಆನ್ರಿ ಕೊಎನ್ ಮತ್ತು ಸಂಗಡಿಗರು ಆರಂಭಿಸಿದ, ಇಂದಿಗೂ ಉಚಿತವಾಗಿ ಸಿಗುವ ಪಾರಿ/ಜಿಪಿ ಎಂಬ ಗಣಿತದ ತಂತ್ರಾಂಶದಲ್ಲಿ ಈ ತೊಂದರೆಯಿಲ್ಲ. ಪೂರ್ಣಾಂಕ ಎಷ್ಟೇ ಉದ್ದವಿದ್ದರೂ ಒಂದು ಅಂಕೆಯೂ ಕಳೆದುಹೋಗುವುದಿಲ್ಲ.

ಇದನ್ನು ಪರೀಕ್ಷಿಸಲು 2ರ 67ನೇ ಘಾತದಿಂದ 1 ಕಳೆದ ಸಂಖ್ಯೆಗಿಂತ ಒಳ್ಳೆಯದು ಸಿಗುವುದು ಕಷ್ಟ. 147573952589676412927 ಎಂಬ ಈ 21 ಅಂಕೆಗಳ ಸಂಖ್ಯೆಯನ್ನು ಫ್ರಾನ್ಸಿನ ವಿದ್ವಾಂಸ ಮರ್ಸೆನ್ 1644ರಲ್ಲಿ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅದು ಅವಿಭಾಜ್ಯವಲ್ಲವೆಂದು 1876ರಲ್ಲಿ ಗಣಿತಜ್ಞ ಲೂಕಾ ತೋರಿಸಿದರಾದರೂ ಅಪವರ್ತನಗಳು ಕೈಗೆ ಸಿಕ್ಕಿದ್ದು 1903ರಲ್ಲಿ, ಫ್ರ್ಯಾಂಕ್ ನೆಲ್ಸನ್ ಕೋಲ್ ಅವರಿಗೆ. ‘ಫ್ಯಾಕ್ಟರ್’ ಆದೇಶ ಕೊಟ್ಟೊಡನೆ ಪಾರಿ 193707721 ಮತ್ತು 761838257287 ಎಂಬ ಎರಡನ್ನೂ ಮುಂದಿಡುತ್ತದೆ. ‘ಸಿಗ್ಮಾ’ ಆದೇಶ ಕೊಟ್ಟರೆ ನಾಲ್ಕು ಭಾಜಕಗಳ ಮೊತ್ತವಾದ 147573953351708377936 ಬರುತ್ತದೆ.

ಉತ್ತರ ಬರುವ ರೂಪವೂ ಅಚ್ಚುಕಟ್ಟು: ಎಡಸಾಲಿನಲ್ಲಿ ಅವಿಭಾಜ್ಯಗಳು, ಬಲಸಾಲಿನಲ್ಲಿ ಅವುಗಳ ಘಾತಗಳು. 12345678987654321 ಕೊಟ್ಟರೆ 3ರ ಎದುರು 4, 37ರ ಎದುರು 2, 333667ರ ಎದುರು 2 ಎಂದು ಕಾಣುತ್ತದೆ. ಘಾತಗಳೆಲ್ಲ ಸಮವಾಗಿರುವುದರಿಂದ ಅದು ಪೂರ್ಣವರ್ಗವೆಂದೂ, ಪ್ರತಿ ಘಾತಕ್ಕೆ ಒಂದು ಕೂಡಿಸಿ ಗುಣಿಸಿದರೆ ಭಾಜಕಗಳು 45 ಎಂದೂ ನೋಟಕ್ಕೇ ಹೊಳೆಯುತ್ತದೆ.

ಮಿತಿಗಳಿಲ್ಲವೆಂದಲ್ಲ. ಗುಂಡಿಗಳಿಲ್ಲದ, ಆದೇಶ ಬರೆದೇ ಕೇಳಬೇಕಾದ ಪರದೆ ಹೊಸಬರನ್ನು ಹಿಂಜರಿಸುವಂತಿದೆ. ಬಹುದೊಡ್ಡ ಸಂಖ್ಯೆಗಳನ್ನು ಒಡೆಯಲು ಬಳಸುವ ‘ಸಂಖ್ಯಾಕ್ಷೇತ್ರ ಜರಡಿ’ಯ ವಿಧಾನ ಇದರಲ್ಲಿ ಅಳವಟ್ಟಿಲ್ಲವಾದ್ದರಿಂದ, ನೂರಾರು ಅಂಕೆಗಳ, ಎರಡು ಭಾರಿ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯಲು ಇದನ್ನು ಆಶ್ರಯಿಸುವುದು ವ್ಯರ್ಥ.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿದೆ. ‘ಈಸ್‌ಪ್ರೈಮ್’ (isprime) ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಸಾಧಿಸಿ ತೋರಿಸುವ ಆದೇಶ. ‘ಈಸ್‌ಸೂಡೋಪ್ರೈಮ್’ (ispseudoprime) ಸಾಧನೆಯಿಲ್ಲದ ವೇಗದ ಪರೀಕ್ಷೆಯಷ್ಟೆ. ಆ ಪರೀಕ್ಷೆಯನ್ನು ವಂಚಿಸಿದ ಭಾಜ್ಯ ಸಂಖ್ಯೆ ಈವರೆಗೆ ಒಂದೂ ಸಿಕ್ಕಿಲ್ಲ, 2ರ 64ನೇ ಘಾತದೊಳಗೆ ಅಂಥದ್ದು ಇಲ್ಲವೇ ಇಲ್ಲ. ಆದರೂ ‘ಫ್ಯಾಕ್ಟರ್’ ತಾನಾಗಿ ಬಳಸುವುದು ಈ ವೇಗದ ಪರೀಕ್ಷೆಯನ್ನೇ ಎಂಬುದು ಕೈಪಿಡಿಯನ್ನು ಓದದವರಿಗೆ ತಿಳಿಯುವ ಬಗೆಯಿಲ್ಲ. ಕುತೂಹಲಕ್ಕಾಗಿ ಸಂಖ್ಯೆಗಳನ್ನು ಒಡೆದು ನೋಡುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪ್ರಬಂಧದಲ್ಲಿ ಉತ್ತರವನ್ನು ಉಲ್ಲೇಖಿಸುವವರು ಮಾತ್ರ ‘ಫ್ಯಾಕ್ಟರ್‌ಪ್ರೂವನ್’ (factor_proven) ಎಂಬ ಆಯ್ಕೆಯನ್ನು 1ಕ್ಕೆ ಬದಲಿಸಿಕೊಂಡೇ ಕೆಲಸ ಆರಂಭಿಸಬೇಕು.