ಗೀತನಮನದ ಬ್ಯಾನರಿಗೆ ಎಐ ಉತ್ತರ: ಎಷ್ಟು ನಂಬಬಹುದು?

ಮಡಿಕೇರಿ, ವಿರಾಜಪೇಟೆಗಳಲ್ಲಿ ಅಗಲಿದ ಗಾಯಕರಿಗೆ ಗೀತನಮನ ಏರ್ಪಡಿಸುವವರಿಗೆ ಹುಡುಕಾಟದ ಪುಟದ ಮೇಲ್ಗಡೆ ಬರುವ ಎಐ ಉತ್ತರ ಬಲು ಸಲೀಸು. ವೇಗಕ್ಕೆ ಪೂರ್ತಿ ಅಂಕ ಕೊಡಬಹುದು. ಬ್ಯಾನರಿನಲ್ಲಿ ಹಾಕುವ ಹುಟ್ಟು-ಸಾವಿನ ತಾರೀಖಿನ ವಿಷಯದಲ್ಲಿ ಮಾತ್ರ ಅರ್ಧ.

ಅದು ಹಲವು ಪುಟಗಳ ಮಾತನ್ನು ಸೇರಿಸಿ ಒಂದೇ ವಾಕ್ಯ ಹೆಣೆಯುತ್ತದೆ. ಹಾಗಾಗಿ ಜೋಡಿ ಹೆಸರುಗಳಲ್ಲಿ ಎಡವುವ ಅಪಾಯ ಹೆಚ್ಚು. ರಾಜನ್-ನಾಗೇಂದ್ರರಲ್ಲಿ ನಾಗೇಂದ್ರ ತೀರಿಕೊಂಡದ್ದು 2000ರಲ್ಲಿ, ರಾಜನ್ 2020ರಲ್ಲಿ. ಮೈಸೂರು ಅನಂತಸ್ವಾಮಿ 1995, ಮಗ ರಾಜು ಅನಂತಸ್ವಾಮಿ 2009. ಒಬ್ಬೊಬ್ಬರ ಪೂರ್ತಿ ಹೆಸರನ್ನೂ ಬೇರೆಬೇರೆಯಾಗಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೇಳಿ. ಉತ್ತರದ ಜೊತೆಗಿರುವ ಕೊಂಡಿ ತೆರೆದು, ಆ ತಾರೀಖು ಅಲ್ಲಿ ನಿಜಕ್ಕೂ ಇದೆಯೇ ನೋಡಿ. ಆಮೇಲೆ ನಿಧನದ ಮರುದಿನದ ಎರಡು ಪತ್ರಿಕೆ. ಎರಡರಲ್ಲೂ ಒಂದೇ ಸುದ್ದಿಸಂಸ್ಥೆಯ ವರದಿಯಿದ್ದರೆ ಅದು ಒಂದೇ ಸಾಕ್ಷಿ.

ಸಿ. ಅಶ್ವಥ್ ಅವರದನ್ನು ಅನುಮಾನಪಟ್ಟು ತಿದ್ದಬೇಡಿ: ಹುಟ್ಟಿದ್ದು 1939ರ ಡಿಸೆಂಬರ್ 29, ನಮ್ಮನ್ನು ಬಿಟ್ಟುಹೋದದ್ದು 2009ರ ಅದೇ ದಿನ.

ಬದುಕಿರುವವರ ಸಾವಿನ ಗಾಳಿಸುದ್ದಿ ಹಬ್ಬಿದ ಮೊದಲ ಗಂಟೆಗಳಲ್ಲಿ ಈ ಉತ್ತರವನ್ನು ಮುಟ್ಟಲೇಬೇಡಿ. ಕುಟುಂಬದವರ ಇಲ್ಲವೇ ಆಸ್ಪತ್ರೆಯ ಹೇಳಿಕೆ ಬರುವವರೆಗೆ ಬ್ಯಾನರ್ ಮುದ್ರಣಕ್ಕೆ ಹೋಗಬಾರದು. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಒಟ್ಟಿಗೇ ಕೈಕೊಡುತ್ತವೆ. ಪತ್ರಿಕೆಯ ಪುಟಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ.