ದಿ ಸಿಮ್ಸ್ ಲೆಗಸಿ ಕಲೆಕ್ಷನ್: ಮನೆ ಮೊದ್ಲು, ಜನ ಆಮೇಲೆ

ಇದು ಹೊಸ ಗೇಮ್ ಅಲ್ಲ, ಮೊದ್ಲೇ ಹೇಳಿಬಿಡ್ತೀನಿ. 2000ನೇ ಇಸವಿ ಫೆಬ್ರವರಿಲಿ ಬಂದಿದ್ದ ಅದೇ ದಿ ಸಿಮ್ಸು, ಮನೆ ಕಟ್ಟಿ ಅದರೊಳಗೆ ಸಿಮ್ ಅನ್ನೋ ಬೊಂಬೆ ಜನರನ್ನ ಬಾಳಿಸೋ ಕಂಪ್ಯೂಟರ್ ಗೇಮು, ಆಮೇಲೆ ಬಂದ ಅದರ ಏಳೂ ಎಕ್ಸ್‌ಪಾನ್ಶನ್ (ಹೆಚ್ಚುವರಿ ಭಾಗ) ಸೇರಿಸಿ, ಈಗಿನ ವಿಂಡೋಸಲ್ಲಿ ಓಡೋ ಹಂಗೆ ಮಾಡಿ 2025ರ ಜನವರಿ 31ಕ್ಕೆ ಮತ್ತೆ ಬಿಟ್ಟಿದಾರೆ, 25 ವರ್ಷ ಆತು ಅಂತ. ನಾನು ಹೈಸ್ಕೂಲಲ್ಲಿದ್ದಾಗ ದಾವಣಗೆರೆ ಪಿ.ಜೆ. ಬಡಾವಣೆ ಕಡೆ ಒಂದು ಕಂಪ್ಯೂಟರ್ ಸೆಂಟರಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಆಡಿದ್ದು, ಗೋಡೆ ಏಳೋ ಹೊತ್ತಿಗೆ ಟೈಮ್ ಮುಗಿಯೋದು, ಮಾರನೇ ದಿನ ಹೋದ್ರೆ ನನ್ನ ಸೈಟಲ್ಲಿ ಇನ್ಯಾರೋ ಮನೆ ಕಟ್ಕೊಂಡು ಕೂತಿರೋರು.

ಈಗ ನನ್ನ ಹೊಟ್ಟೆಪಾಡೇ ಪ್ಲಾನ್ ಹಾಕೋದು. ವಿದ್ಯಾನಗರದಲ್ಲಿ ಒಂದು ಸಣ್ಣ ಆಫೀಸು, ಬರೋರೆಲ್ಲ 30×40 ಸೈಟಿನೋರು, ಬಾಗ್ಲು ಪೂರ್ವಕ್ಕೇ ಬೇಕು ಅನ್ನೋರು. ಅದಕ್ಕೇ ಈ ಗೇಮಿನ ಹಳೇ ಕಥೆ ಗೊತ್ತಾದಾಗ ನನಗೆ ಬೇರೆಯೋರಿಗಿಂತ ಜಾಸ್ತಿ ಮಜಾ ಅನ್ನಿಸ್ತು. ಯಾಕಂದ್ರೆ ಇದು ಶುರುವಾಗಿದ್ದೇ ಮನೆ ಕಟ್ಟೋ ಆಟವಾಗಿ. ಇದನ್ನ ಮಾಡಿದ ವಿಲ್ ರೈಟ್, ಊರು ಕಟ್ಟೋ ಗೇಮ್ ಸಿಮ್‌ಸಿಟಿ ಮಾಡಿದ್ನಲ್ಲ ಅವನೇ, 1991ರಲ್ಲಿ ಅಮೆರಿಕದ ಓಕ್‌ಲ್ಯಾಂಡಲ್ಲಿ ಬಿದ್ದ ದೊಡ್ಡ ಬೆಂಕಿಲಿ ಮನೆ ಕಳ್ಕೊಂಡ, ಮತ್ತೆ ಮೊದಲಿಂದ ಒಂದೊಂದೇ ಸಾಮಾನು ಸೇರಿಸೋವಾಗ ಮನುಷ್ಯನಿಗೆ ನಿಜವಾಗ್ಲೂ ಏನೇನು ಬೇಕು ಅಂತ ಯೋಚನೆ ಹತ್ತಿತು. ಅದರ ಜೊತೆ ಕ್ರಿಸ್ಟೋಫರ್ ಅಲೆಕ್ಸಾಂಡರ್ ಬರೆದ ಎ ಪ್ಯಾಟರ್ನ್ ಲ್ಯಾಂಗ್ವೇಜ್ ಅನ್ನೋ ವಾಸ್ತುಶಿಲ್ಪದ ಪುಸ್ತಕದ ಪ್ರಭಾವ ಬೇರೆ. ನೀನು ಮನೆ ಕಟ್ಟು, ಅದು ಚೆನ್ನಾಗೈತೋ ಇಲ್ವೋ ಗೇಮ್ ಹೇಳುತ್ತೆ, ಅಷ್ಟೇ ಐಡಿಯಾ. ಒಳಗಡೆ ಓಡಾಡೋ ಜನ ಬಂದಿದ್ದು ಮನೆಗೆ ಮಾರ್ಕ್ಸ್ ಹಾಕೋಕೆ! ಆಮೇಲೆ ಆ ಜನರನ್ನ ನೋಡೋದೇ ಮನೆಗಿಂತ ಮಜಾ ಅಂತ ಗೊತ್ತಾಗಿ ಆಟಾನೇ ತಿರುಗಿಹೋತು.

ಹೆಸರು ಆವಾಗ ಡಾಲ್‌ಹೌಸ್. 1993ರಲ್ಲಿ ಒಂದಷ್ಟು ಜನರ ಮುಂದೆ ಇಟ್ಟು ಕೇಳಿದಾಗ ಯಾರಿಗೂ ಹಿಡಿಸ್ಲಿಲ್ಲವಂತೆ, ಬೊಂಬೆ ಮನೆ ಯಾರು ಆಡ್ತಾರೆ ಅಂತ ರೈಟ್‌ನ ಕಂಪನಿ ಮ್ಯಾಕ್ಸಿಸ್ ಒಳಗೂ ಮೂಗು ಮುರಿದೋರೇ. 1997ರಲ್ಲಿ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಅನ್ನೋ ದೊಡ್ಡ ಗೇಮ್ ಕಂಪನಿ ಮ್ಯಾಕ್ಸಿಸನ್ನ ಕೊಂಡ ಮೇಲೆ ಕೆಲಸ ಜೋರಾತು. 2002ರಲ್ಲಿ ಅದೇ ಬೊಂಬೆ ಮನೆ ಮಿಸ್ಟ್ ಅನ್ನೋ ಗೇಮನ್ನ ಹಿಂದೆ ಹಾಕಿ ಅಲ್ಲಿಯವರೆಗಿನ ಅತಿ ಹೆಚ್ಚು ಮಾರಾಟವಾದ ಪಿಸಿ ಗೇಮ್ ಆತು, 60 ಲಕ್ಷದ ಮೇಲೆ ಕಾಪಿ.

ಬಿಟ್ಟುಹೋದ ಆ ಹಳೇ ಆಟದ ಗುರುತು ಈಗ್ಲೂ ಒಳಗೇ ಐತೆ ನೋಡ್ರಿ. ಹಸಿವು, ನಿದ್ದೆ, ಸ್ನಾನ, ಕಕ್ಕಸ್ಸು ಅಂತ ಸಿಮ್ಮಿಗೆ ಏನು ಎಷ್ಟು ಬೇಕು ಅಂತ ತೋರಿಸೋ ಎಂಟು ಬಣ್ಣದ ಪಟ್ಟಿ ಇರ್ತವೆ, ಅದರಲ್ಲಿ ಒಂದು ರೂಮ್. ಬೆಳಕು ಇಲ್ಲ, ಜಾಗ ಇಲ್ಲ, ಕಸ ಬಿದ್ದೈತೆ ಅಂದ್ರೆ ಅದು ಕೆಂಪಾಗುತ್ತೆ. ನಾನು ಒಂದು ಚೌಕ ಅಂದ್ರೆ ಮೂರಡಿ ಅಂತ ಲೆಕ್ಕ ಹಿಡಿದು ನಿಟ್ಟುವಳ್ಳಿಲಿದ್ದ ನಮ್ಮಜ್ಜಿ ಮನೆ ಕಟ್ಟಿದೆ. ಪಡಸಾಲೆ, ಒಳಗೆ ಕತ್ತಲೆ ಕೋಣೆ, ಹಿತ್ತಲಲ್ಲಿ ಕಕ್ಕಸ್ಸು. ಸಿಮ್ ಪಾಪ ನಡುಕೋಣೆಗೆ ಬಂದ್ರೆ ಸಾಕು ರೂಮ್ ಪಟ್ಟಿ ಇಳಿಯೋದು, ರಾತ್ರಿ ಎದ್ದು ಹಿತ್ತಲಿಗೆ ಓಡೋದ್ರೊಳಗೆ ನೆಲದ ಮೇಲೇ ಕೆಲಸ ಮುಗೀತು. ನಮ್ಮಮ್ಮ ಹಿಂದೆ ನಿಂತು ನೋಡ್ತಿದ್ದೋರು, "ಲೋ, ಆ ಮನೇಲಿ ನಿಮ್ಮಜ್ಜಿ ಅರವತ್ತು ವರ್ಷ ಬಾಳಿದ್ಲು, ಇವ್ನಿಗೇನೋ ಬಂತು ರೋಗ" ಅಂದ್ರು. ಎರಡು ಕಿಟಕಿ ಇಟ್ಟೆ, ಕಕ್ಕಸ್ಸು ಒಳಗೆ ತಂದೆ, ಸರಿ ಹೋದ. ವಾಸ್ತು ಬಗ್ಗೆ ಒಂದು ಮಾತಿಲ್ಲ ಪುಣ್ಯಾತ್ಮ, ಇಂಥ ಕಸ್ಟಮರ್ ನನಗೆ ಯಾವಾಗ ಸಿಗ್ತಾನೋ.

ಭಾಷೆದೂ ಹಿಂಗೇ. ಸಿಮ್‌ಗಳಿಗೆ ಉಕ್ರೇನಿಯನ್, ನವಾಹೊ, ಟಗಲಾಗ್ ಎಲ್ಲ ಕಲಸಿ ನೋಡಿ, ಆಗ್ಲಿಲ್ಲ ಅಂತ ಬಿಟ್ಟು, ಕೊನೆಗೆ ಇಬ್ಬರು ಕಲಾವಿದರ ಬಾಯಿಗೆ ಬಂದಿದ್ದನ್ನೇ ಸಿಮ್ಲಿಶ್ ಮಾಡಿದ್ರು. ಒಳ್ಳೇದೇ ಆತು, ಇಂಗ್ಲಿಷಲ್ಲಿ ಮಾತಾಡಿದ್ರೆ ಆ ವಯಸ್ಸಲ್ಲಿ ನಮಗೆಲ್ಲಿ ಅರ್ಥ ಆಗ್ತಿತ್ತು. ಗಂಡು-ಗಂಡು, ಹೆಣ್ಣು-ಹೆಣ್ಣು ಪ್ರೀತಿನೂ ಬೇಡ ಅಂತ ತೆಗೆದುಹಾಕಿದ್ರಂತೆ, ಹೊಸದಾಗಿ ಸೇರಿದ ಪ್ಯಾಟ್ರಿಕ್ ಬ್ಯಾರೆಟ್ ಅನ್ನೋ ಪ್ರೋಗ್ರಾಮರ್ ಕೈಗೆ ಹಳೇ ಡಿಸೈನ್ ಕಾಗದ ಸಿಕ್ಕಿ, ಅವನು ಅದನ್ನೇ ನೋಡ್ಕೊಂಡು ಹಾಕಿಬಿಟ್ಟ, 1999ರ ಇ3 ಅನ್ನೋ ಗೇಮ್ ಶೋನಲ್ಲಿ ಎಲ್ಲರ ಮುಂದೆ ಇಬ್ಬರು ಹೆಣ್ಣು ಸಿಮ್ಸ್ ಮುತ್ತು ಕೊಟ್ಕೊಂಡ್ರು, ಅಲ್ಲಿಗೆ ಉಳೀತು. ನಮ್ಮ ಸೈಟಲ್ಲೂ ಮೇಸ್ತ್ರಿ ಹಳೇ ಡ್ರಾಯಿಂಗ್ ಹಿಡ್ಕೊಂಡು ಗೋಡೆ ಎಬ್ಬಿಸೋದು ಇದ್ದಿದ್ದೇ, ಆದ್ರೆ ಒಂದ್ಸಲನೂ ಇಷ್ಟು ಒಳ್ಳೇದು ಆಗಿಲ್ಲ.

ನನ್ನ ಬೇಜಾರು ಒಂದೇ. 25 ವರ್ಷ ಅಂತ ಇಷ್ಟೆಲ್ಲ ಮಾಡಿ, ಡಾಲ್‌ಹೌಸ್ ಕಾಲದ ಒಂದು ಸ್ಕೆಚ್ಚೋ ಹಳೇ ವಿಡಿಯೋನೋ ಜೊತೆಗಿಡಬಾರದಿತ್ತಾ? ಉಳಿದಂಗೆ, ಎರಡೇ ಅಂತಸ್ತು, ಮಕ್ಕಳು ದೊಡ್ಡೋರೇ ಆಗಲ್ಲ, ಭಾನುವಾರನೂ ಕೆಲಸದ ಗಾಡಿ ಬಂದು ಹಾರ್ನ್ ಹೊಡೆಯುತ್ತೆ. ಇದೇ ಸಾಲಿನ ಹೊಸ ಗೇಮ್ ಸಿಮ್ಸ್ 4 ಫ್ರೀಯಾಗೇ ಸಿಗೋವಾಗ ಇದ್ಯಾಕೆ ಅನ್ನೋರಿಗೆ ಇದು ಬೇಡ. ಮನೆ ಕಟ್ಟೋ ಹುಚ್ಚಿದ್ರೆ ಸೇಲ್ ಬಿದ್ದಾಗ ತಗೊಳ್ರಿ, ನನ್ನ ಆಫೀಸ್ ಲ್ಯಾಪ್‌ಟಾಪಲ್ಲೇ ಓಡ್ತಾ ಐತೆ.

ಅಂದಂಗೆ, ಈ ಗೇಮಲ್ಲಿ ಬುದ್ಧಿ ಸಿಮ್ಮಿಗಿಂತ ಸಾಮಾನಿನೊಳಗೇ ಜಾಸ್ತಿ. ಫ್ರಿಜ್ಜು "ಬಾ ಹಸಿವು ಕಳೀತೀನಿ" ಅಂತ ಕರೀತೈತೆ, ಟಿವಿ "ಬಾ ಮಜಾ ಕೊಡ್ತೀನಿ" ಅಂತೈತೆ, ಆವಾಗ ಯಾವುದು ಬೇಕೋ ಅದರ ಕಡೆ ಅವನು ಹೋಗ್ತಾನೆ. ಅಜ್ಜಿ ಮನೆ ಮುಂದಿನ ಕಟ್ಟೆ ಬದಲಿಗೆ ಒಂದು ಬೆಂಚ್ ಹಾಕಿದ್ದೆ, ಮೂರು ದಿನ ಆದ್ರೂ ಆ ಕಡೆ ತಲೆ ಹಾಕ್ಲಿಲ್ಲ ಅವನು. ಅಮ್ಮ "ಟಿವಿ ಮಾರೋ" ಅಂದ್ರು. ಮಾರಿದೆ. ಸಂಜೆ ಹೊರಗೆ ಬಂದು ಕೂತ.