ಹಂಪಿ: ಬ್ಯಾಟರಿ ಗಾಡಿಯೋ, ಆಟೋನೋ, ಸೈಕಲ್ಲೋ?

ಅಮ್ಮನ ಜೊತೆ ಹಂಪಿಗೆ ಹೊರಟಿದ್ದೀರಿ, ಯಾವುದರಲ್ಲಿ ಸುತ್ತೋದು ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡ್ತೀನಿ, ಬ್ಯಾಟರಿ ಗಾಡಿ ಇಡೀ ಹಂಪಿ ತೋರಿಸಲ್ಲ. ಗೆಜ್ಜಲ ಮಂಟಪದ ಹತ್ತಿರದಿಂದ ವಿಠ್ಠಲ ದೇವಸ್ಥಾನದವರೆಗೆ, ಸುಮಾರು 1 ಕಿ.ಮೀ. ಅಷ್ಟೇ. ಖರ್ಚು ಕಡಿಮೆ, ಹೊಗೆಯಿಲ್ಲ. ಮಂಡಿನೋವು ಇದ್ದವರಿಗೆ ವರ. ಆದರೆ ದಾರಿಯಲ್ಲಿ ಕುದುರೆಗೊಂಬೆ ಮಂಟಪ, ಪುಷ್ಕರಣಿ ಎಲ್ಲ ಕಣ್ಣೆದುರೇ ಸರಿದುಹೋಗುತ್ತವೆ.

ಕಮಲ ಮಹಲ್, ಆನೆ ಲಾಯ, ರಾಣಿ ಸ್ನಾನಗೃಹ ಒಂದೇ ದಿನದಲ್ಲಿ ನೋಡಬೇಕಾದರೆ ಆಟೋ ಬೇಕು. ದುಡ್ಡು ಜಾಸ್ತಿ, ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಕಲ್ಲಿನ ಕಥೆ ಬೇಕಾದರೆ ಪರವಾನಗಿ ಇರುವ ಗೈಡನ್ನು ಬೇರೆಯಾಗಿ ಗೊತ್ತುಮಾಡಿಕೊಳ್ಳಿ.

ಎರಡು ದಿನ ಇದ್ದರೆ, ಕಾಲು ಗಟ್ಟಿ ಇದ್ದರೆ ಸೈಕಲ್. ಬೇಸಿಗೆಯಲ್ಲಿ ಮಾತ್ರ ಬೇಡ, ಬಂಡೆಗಳೇ ಕಾವಲಿಯಂತೆ ಕಾದಿರುತ್ತವೆ. ಅಮ್ಮನ ಜೊತೆಗಾದರೆ ಆಟೋ, ವಿಠ್ಠಲನಿಗೆ ಬ್ಯಾಟರಿ ಗಾಡಿ.